ಹೆಡ್ ನರ್ಸ್‌ಗೆ ಮಂಗನಬಾವು

ಮಕ್ಕಳ ವಾರ್ಡಿನ ಹೆಡ್ ನರ್ಸ್ ಎಂದರೆ ಕೈಕೆಳಗಿನವರಿಗೆ ಸಿಂಹಸ್ವಪ್ನ. ಅಂಟುರೋಗ ತಗುಲಿದ ಸಿಬ್ಬಂದಿ ವಾಸಿಯಾಗುವವರೆಗೆ ಕೆಲಸಕ್ಕೆ ಬರಕೂಡದೆಂಬ ನಿಯಮ ಆಸ್ಪತ್ರೆಯಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಹಲ್ಲು ಬಂದದ್ದು ಇವಳ ಕಾಲದಲ್ಲಿ. ಧೂಳಿಗೆ ಸೀನಿದ ಡಾಕ್ಟರನ್ನೂ ಒಮ್ಮೆ ಮನೆಗಟ್ಟಿದ್ದಳು.

ಅಂಥವಳ ಎಡಗೆನ್ನೆ ಒಂದು ಬೆಳಿಗ್ಗೆ ಬನ್ನಿನಂತೆ ಉಬ್ಬಿತ್ತು. ಉಗುಳು ನುಂಗಿದರೂ ಕಿವಿಯವರೆಗೆ ನೋವು. ಏನೆಂದು ಗೊತ್ತಾಗದಷ್ಟು ದಡ್ಡಿಯಲ್ಲ. ಆದರೂ ಆಸ್ಪತ್ರೆಗೆ ಬಂದೇಬಿಟ್ಟಳು. ಮಕ್ಕಳ ಹತ್ತಿರ ಹೋಗಲು ಮನಸ್ಸಾಕ್ಷಿ ಒಪ್ಪಲಿಲ್ಲ, ಮನೆಗೆ ಮರಳಲು ಜಂಬ ಬಿಡಲಿಲ್ಲ. ಕೊನೆಗೆ ಹಾಸಿಗೆಬಟ್ಟೆ ಇಡುವ ಕೋಣೆ ಹೊಕ್ಕು, ಚಿಲಕ ಹಾಕಿಕೊಂಡು, ಒಳಗಿನಿಂದಲೇ ಅಪ್ಪಣೆ ಕೊಡತೊಡಗಿದಳು.

"ಎಲ್ಲ ಮಕ್ಕಳದ್ದೂ ಬೆಡ್‌ಶೀಟ್ ಬದಲಾಯಿಸು!"

ಊದಿದ ಬಾಯಲ್ಲಿ 'ಶೀಟ್' ಎಲ್ಲೋ ಕರಗಿಹೋಯಿತು. ಹೊರಗಿದ್ದ ಹೊಸ ನರ್ಸ್ ಎದುರು ಮಾತಾಡುವವಳೇ? ಪಾಪ, ಬೆವರು ಸುರಿಸಿ ಒಂದೊಂದು ಮಗುವನ್ನೂ ಬೇರೆ ಬೆಡ್ಡಿಗೆ ಸಾಗಿಸಿದಳು. ಮಕ್ಕಳಿಗೆ ಹಬ್ಬವೋ ಹಬ್ಬ.

ಡಾಕ್ಟರ್ ಬಂದು ನೋಡಿದರೆ, ಕಾಲು ಮುರಿದವಳ ಬೆಡ್ಡಿನ ಮೇಲೆ ಹುಡುಗಿಯೊಬ್ಬಳು ಕುಣಿಯುತ್ತಿದ್ದಾಳೆ! ಹಿಡಿದುಕೊಳ್ಳಲು ಓಡಿದರು. ಕುಣಿಯುವವಳು ಕಿವಿನೋವಿನವಳೆಂದು ತಿಳಿದು, ನಡೆದದ್ದನ್ನೆಲ್ಲ ಕೇಳಿದ ಮೇಲೆ ಕೋಣೆಯ ಬಾಗಿಲು ತಟ್ಟಿದರು.

"ಸಿಸ್ಟರ್, ಒಳಗೇನ್ ಮಾಡ್ತಿದ್ದೀರಿ?"

"ಹಲ್ಲುನೋವು, ಡಾಕ್ಟ್ರೇ!"

"ಹೌದಾ? ಒಳ್ಳೇ ನಿಂಬೆಹಣ್ಣು ತರಿಸ್ಲಾ? ರಸ ಜಿನುಗೋ ಅಂಥದ್ದು, ಹುಳಿಹುಳಿ..."

ಹುಳಿ ಎಂದದ್ದೇ ತಡ, ಬಾಯಲ್ಲಿ ನೀರೂರಿ ಕೆನ್ನೆಗೆ ಸಲಾಕೆ ಚುಚ್ಚಿದಂತಾಯಿತು.

"ಅಯ್ಯಯ್ಯಮ್ಮಾ!"

"ಮಂಗನಬಾವು," ಎಂದರು ಡಾಕ್ಟರ್ ಬಾಗಿಲಿಗೇ. "ಮನೆಗೆ ಹೋಗಿ, ಸಿಸ್ಟರ್. ನಿಯಮ ಇರೋದು ಮಕ್ಕಳನ್ನ ಕಾಪಾಡೋಕೆ ಮಾತ್ರ ಅಲ್ಲ, ನೀವೂ ಸ್ವಲ್ಪ ಮಲಗ್ಲಿ ಅಂತಾನೂ."

ಒಳಗಿನ ಚಿಲಕ ಸರಿಯಿತು. ಎಲ್ಲರನ್ನೂ ದೂರ ನಿಲ್ಲಿಸಿ, ಮುಖಕ್ಕೆ ಮಾಸ್ಕ್ ಬಿಗಿದು, ಹಿಂಬಾಗಿಲಿನಿಂದ ಹೊರಟಳು.

ಮನೆಯಲ್ಲಿ ಅತ್ತೆಗೆ ಚಿಕ್ಕಂದಿನಲ್ಲೇ ಮಂಗನಬಾವು ಬಂದುಹೋಗಿತ್ತು. ಅದಿನ್ನೂ ಬಾರದ ತಮ್ಮ ಮಗನನ್ನು, ಅಂದರೆ ಇವಳ ಗಂಡನನ್ನು, ಅವನ ಅಕ್ಕನ ಮನೆಗೆ ಓಡಿಸಿ, ಸೊಸೆಗೆ ತಾವೇ ಗಂಜಿ ಕುಡಿಸಿದರು. ಸೊಸೆ ವಾರ್ಡಿಗೆ ಫೋನ್ ಮಾಡಹೋದಾಗಲೆಲ್ಲ ಫೋನ್ ಕಸಿದುಕೊಂಡರು. ಮರುದಿನ ಬಲಗೆನ್ನೆಯೂ ಉಬ್ಬಿತು.

"ಈಗ ನೋಡೇ, ಎರಡೂ ಕಡೆ ಸಮ ಆಯ್ತು. ಲಕ್ಷಣವಾಗಿದ್ದೀಯ!" ಎಂದರು ಅತ್ತೆ.

ನಗಲು ಹೋಗಿ ನೋವಿಗೆ ಚೀರಿದಳು. ಚೀರಿದ್ದಕ್ಕೆ ಮತ್ತೆ ನಗು ಬಂತು. ಅತ್ತೆ ಹೊದಿಕೆ ಎಳೆದು ಹೊದಿಸಿದರು. ಎಷ್ಟೋ ವರ್ಷಗಳ ಮೇಲೆ ಹೆಡ್ ನರ್ಸ್ ಹಗಲು ಹೊತ್ತು ಗೊರಕೆ ಹೊಡೆದಳು.