ಅಕ್ಕ ಕೊಟ್ಟ ಮಾತ್ರೆ

ಅಕ್ಕನ ಹೊಲಿಗೆ ಅಂಗಡಿಯಲ್ಲಿ ಹೇಳಿದ ದಿನಕ್ಕೆ ಬಟ್ಟೆ ಕೊಡದೇ ಇದ್ದದ್ದೇ ಇಲ್ಲ. ಕರೆಂಟು ಹೋಗಲಿ, ಮಿಷನ್ನಿನ ಬೆಲ್ಟು ಹರಿಯಲಿ, ಹೇಳಿದ್ದೆಂದರೆ ಹೇಳಿದ್ದೇ. ಕೆಲಸದವರು ಯಾರಾದರೂ ಕೆಮ್ಮಿದರೆ ಸಾಕು, ಗುಂಡಿ ಡಬ್ಬಿಯ ಪಕ್ಕದ ಔಷಧಿ ಡಬ್ಬಿ ತೆಗೆದು, ಡಾಕ್ಟರು ಯಾರಿಗೋ ಬರೆದುಕೊಟ್ಟು ಉಳಿದ ಮಾತ್ರೆಯನ್ನು ಅಂಗೈಗೆ ಹಾಕುವಳು. "ನುಂಗು, ಕೂತು ಹೊಲಿ." ಅಷ್ಟೇ ಅವಳ ವೈದ್ಯ!

ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವಳ ತಮ್ಮ. ಅವನಿಗೆ ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿ, ಇಮ್ಯುನೊಥೆರಪಿ ಕೊಟ್ಟು ನೋಡೋಣ ಎಂದಿದ್ದರು. ಮೊದಲ ಡ್ರಿಪ್ ನಾಡಿದ್ದು. ಅಷ್ಟರಲ್ಲಿ ತಮ್ಮನಿಗೆ ನೆಗಡಿ, ಕೆಮ್ಮು, ಮೈ ಬೆಚ್ಚಗೆ. ಅಕ್ಕನಿಗೆ ಒಂದೇ ಚಿಂತೆ. ಡಾಕ್ಟರು ಡ್ರಿಪ್ ಮುಂದಕ್ಕೆ ಹಾಕಿಬಿಟ್ಟರೆ? ಅಷ್ಟರಲ್ಲಿ ಗಡ್ಡೆ ಬೆಳೆದುಬಿಟ್ಟರೆ? ಇದ್ದೊಬ್ಬ ತಮ್ಮನನ್ನು ಕಳೆದುಕೊಳ್ಳುವ ಭಯ ಅವಳನ್ನು ಹಿಂಡುತ್ತಿತ್ತು. ಡಬ್ಬಿ ತೆಗೆದೇ ಬಿಟ್ಟಳು.

ಎರಡನೇ ಮಾತ್ರೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಅದೇ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನ ನರ್ಸ್ ತನ್ನ ಕೋಟನ್ನು ಬಿಗಿ ಮಾಡಿಸಲು ಬಂದಳು.

"ಅಕ್ಕಾ, ಅದೇನು ಮಾತ್ರೆ?"

"ಆಂಟಿಬಯಾಟಿಕ್. ಬೆಳಿಗ್ಗೆ ಒಂದು ಕೊಟ್ಟೆ. ನಾಡಿದ್ದರೊಳಗೆ ಕೆಮ್ಮು ನಿಲ್ಬೇಕು. ನೀನು ನೋಡ್ಲೇ ಇಲ್ಲ ಅಂದ್ಕೋ, ಮಾರಾಯ್ತಿ."

"ಅಯ್ಯೋ, ನಿಲ್ಸಿ! ಆ ಡ್ರಿಪ್ ಏನು ಮಾಡುತ್ತೆ ಗೊತ್ತಾ? ಅದು ತಾನೇ ಹೋಗಿ ಕ್ಯಾನ್ಸರನ್ನ ಕೊಲ್ಲಲ್ಲ. ನಮ್ಮ ರಕ್ತದಲ್ಲಿ ಕಾವಲು ಕಾಯೋ ಕಣಗಳಿವೆ. ಕ್ಯಾನ್ಸರ್ ಕಣ ಅವುಗಳ ಕಣ್ಣಿಗೆ ಮಣ್ಣೆರಚಿ, ನಾನೂ ನಿಮ್ಮವನೇ ಅಂತ ನಾಟಕ ಆಡುತ್ತೆ. ಡ್ರಿಪ್ ಆ ನಾಟಕ ಬಯಲು ಮಾಡುತ್ತೆ."

"ನಾಟಕ ಬಯಲಾದ್ರೆ ಎಲ್ರಿಗೂ ವಾಸಿಯಾಗ್ಬೇಕಿತ್ತಲ್ಲ? ಹಿಂದಿನ ಬೀದಿ ಡ್ರೈವರಣ್ಣಂಗೂ ಅದೇ ಕಾಯಿಲೆ, ಅದೇ ಡ್ರಿಪ್. ಏನೂ ಆಗ್ಲಿಲ್ಲ. ಕೊನೆಗೆ ಬೇರೆ ಔಷಧಿ ಕೊಟ್ರು."

"ಕಾಯಿಲೆ ಹೆಸರು ಒಂದೇ ಅಕ್ಕ, ಗಡ್ಡೆ ಒಂದೇ ಅಲ್ಲ. ಒಬ್ಬರ ಗಡ್ಡೆಯೊಳಗೆ ಕಾವಲು ಕಣಗಳು ಆಗ್ಲೇ ನುಗ್ಗಿರ್ತವೆ, ಇನ್ನೊಬ್ಬರಲ್ಲಿ ಬಾಗಿಲಲ್ಲೇ ನಿಂತಿರ್ತವೆ. ಆ ನಾಟಕದ ಗುರುತು ಒಬ್ಬರಲ್ಲಿ ಜಾಸ್ತಿ, ಒಬ್ಬರಲ್ಲಿ ಕಡಿಮೆ. ಚೂರು ತೆಗೆದು ಪರೀಕ್ಷೆ ಮಾಡೋದು ಅದಕ್ಕೇ. ಆದ್ರೂ ಖಂಡಿತ ಫಲ ಸಿಗುತ್ತೆ ಅಂತ ಯಾರೂ ಬರೆದುಕೊಡಲ್ಲ."

"ಅಲ್ಲಕ್ಕಾ, ಎದೆ ಅಳತೆ ಒಂದೇ ಅಂತ ಇಬ್ರಿಗೂ ಒಂದೇ ಅಂಗಿ ಕತ್ತರಿಸಿದ್ರೆ ಹೆಗಲು ಕೂರುತ್ತಾ?" ಎಂದ ತಮ್ಮ, ಕೆಮ್ಮುತ್ತಲೇ.

"ನೀನು ಸುಮ್ನಿರು," ಎಂದು ಅಕ್ಕ ಗದರಿದಳು. "ಸರಿ, ಗಡ್ಡೆ ಎದೇಲಿದೆ. ಮಾತ್ರೆ ಹೊಟ್ಟೆಗೆ ಹೋದ್ರೆ ಇವನಿಗೇನು ಕಷ್ಟ?"

"ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ನಮಗೆ ಬೇಕಾದವು. ಕಾವಲು ಕಣಗಳನ್ನ ಪಳಗಿಸೋದ್ರಲ್ಲಿ ಅವುಗಳ ಕೈಯೂ ಇದೆ. ಆಂಟಿಬಯಾಟಿಕ್ ಹೋದ್ರೆ ಅವೂ ಸಾಯ್ತವೆ. ಡ್ರಿಪ್ ಶುರುವಾಗೋ ಹೊತ್ತಲ್ಲಿ ಇದನ್ನ ತಗೊಂಡವರಲ್ಲಿ ಫಲ ಕಡಿಮೆ ಕಂಡಿದೆ. ಯಾಕೆ ಅಂತ ಇನ್ನೂ ಹುಡುಕ್ತಾ ಇದ್ದಾರೆ."

"ಹಾಗಾದ್ರೆ ನ್ಯುಮೋನಿಯಾ ಬಂದ್ರೂ ಬೇಡ್ವಾ?"

"ಡಾಕ್ಟರು ನೋಡಿ ಬೇಕು ಅಂದ್ರೆ ತಗೊಳ್ಳಲೇಬೇಕು. ನಾವೇ ಡಾಕ್ಟರಾಗೋದು ಬೇಡ ಅಷ್ಟೆ. ಅಂಗಡೀಲಿ ಸಿಗೋ ಶಕ್ತಿ ಪುಡಿಗಳಿಗೂ ಇದೇ ಮಾತು."

ಅಕ್ಕನ ಮುಖ ಸಣ್ಣದಾಯಿತು. "ನನ್ನ ಕೈಯಾರೆ ಇವನನ್ನ ಹಾಳು ಮಾಡಿದ್ನಾ?"

"ಒಂದು ಮಾತ್ರೆಗೆ ಎಲ್ಲಾ ಮುಳುಗಿಹೋಗಲ್ಲ ಅಕ್ಕ. ಮುಚ್ಚಿಟ್ರೆ ಕಷ್ಟ. ನಡೀರಿ, ಈಗ್ಲೇ ಡಾಕ್ಟರಿಗೆ ಹೇಳೋಣ."

ಯಾರಿಗೂ ತಲೆ ತಗ್ಗಿಸದ ಹೆಂಗಸು ಅವಳು. ಡಾಕ್ಟರ ಮುಂದೆ ನಿಂತು, ಮಾತ್ರೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು, "ನಾನೇ ಕೊಟ್ಟೆ" ಎಂದಳು. ಎಂಥ ಗಟ್ಟಿ ಎದೆ ಬೇಕು ಹಾಗೆ ಹೇಳಲು! ಡಾಕ್ಟರು ಬೈಯಲಿಲ್ಲ. ಪರೀಕ್ಷಿಸಿ ನೋಡಿ, ಇದು ವೈರಸ್ಸಿನ ನೆಗಡಿ, ಆಂಟಿಬಯಾಟಿಕ್ ಬೇಕೇ ಇರಲಿಲ್ಲ ಎಂದರು. "ನೆಗಡಿ ಇಳಿಯಲಿ, ಡ್ರಿಪ್ ಒಂದು ವಾರ ತಡ ಮಾಡೋಣ. ಹೇಳಿದ್ದು ಒಳ್ಳೇದಾಯ್ತಮ್ಮ. ಮುಂದಕ್ಕೂ ಕೆಮ್ಮು, ಉಬ್ಬಸ, ಭೇದಿ, ಏನೇ ಬಂದ್ರೂ ಮುಚ್ಚಿಡ್ಬೇಡಿ. ಕೆಲವು ಸಲ ಎಚ್ಚೆತ್ತ ಕಾವಲು ಕಣಗಳೇ ನಮ್ಮ ಮೈಮೇಲೆ ತಿರುಗಿಬೀಳ್ತವೆ. ಬೇಗ ಗೊತ್ತಾದ್ರೆ ಹತೋಟಿಗೆ ತರಬಹುದು."

ವಾರ ಕಳೆದು ಡ್ರಿಪ್ ಶುರುವಾಯಿತು. ಕೆಲವು ತಿಂಗಳ ಮೇಲೆ ಸ್ಕ್ಯಾನ್ ಮಾಡಿದಾಗ ಗಡ್ಡೆ ಕುಗ್ಗಿತ್ತು. ಪೂರ್ತಿ ವಾಸಿ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಆದರೆ ತಮ್ಮ ದಿನಕ್ಕೆ ಅರ್ಧ ಹೊತ್ತು ಮೇಜಿನ ಮುಂದೆ ನಿಲ್ಲುತ್ತಾನೆ, ಅಕ್ಕನ ಜೊತೆ ಜಗಳವನ್ನೂ ಆಡುತ್ತಾನೆ. ಆ ಜಗಳ ಕೇಳುವಾಗ ಅಕ್ಕನ ಕಣ್ಣು ತುಂಬುತ್ತದೆ. ನಮ್ಮ ಮೈಯೊಳಗೇ ಇಷ್ಟು ದೊಡ್ಡ ಸೈನ್ಯವಿದೆ, ಅದನ್ನು ಎಬ್ಬಿಸುವ ವಿದ್ಯೆ ಮನುಷ್ಯನ ಕೈಗೆ ಬಂದಿದೆ ಎನ್ನುವುದು ಸಾಮಾನ್ಯ ಮಾತೇ?

ಇದನ್ನು ಓದುತ್ತಿರುವ ಅಣ್ಣ, ತಮ್ಮ, ಅಕ್ಕ, ತಂಗಿಯರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಚಿಕಿತ್ಸೆ ನಡೆಯುತ್ತಿದ್ದರೆ ಪಕ್ಕದ ಮನೆಯವರ ಫಲದೊಂದಿಗೆ ಹೋಲಿಸಿ ಕೊರಗಬೇಡಿ. ಗಡ್ಡೆಯ ಪರೀಕ್ಷೆ ಏನು ಹೇಳಿತು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ನುಂಗಿದ ಮಾತ್ರೆ ಯಾವುದೇ ಇರಲಿ, ಕೊಟ್ಟ ಕೈ ಯಾರದೇ ಇರಲಿ, ಹೇಳಿಬಿಡಿ. ನೀವು ಹೇಳದೆ ಡಾಕ್ಟರಿಗೆ ತಿಳಿಯುವುದಾದರೂ ಹೇಗೆ?