ಕಾಕಾನಿಗೆ ಕೊಡದ ಮರಿ

ಗೋಪನಕೊಪ್ಪದ ನಮ್ಮ ಓಣಿಯಲ್ಲಿ ನಾಯಿಮರಿ ಬೇಡ ಎನ್ನುವವರು ಕಡಿಮೆ. ಮರಿಗಳು ಕಣ್ಣು ಬಿಟ್ಟು ಓಡಾಡುವ ಹೊತ್ತಿಗೆ ಯಾರೋ ಎತ್ತಿಕೊಂಡು ಹೋಗುತ್ತಾರೆ. ಮಕ್ಕಳು ಎರಡು ತಿಂಗಳು ಆಡಿಸುತ್ತಾರೆ. ಬೆಳೆದ ಮೇಲೆ ಅದೇ ಮರಿ ಪಕ್ಕೆಲುಬು ಕಾಣುತ್ತಾ ಮತ್ತೆ ಬೀದಿಯಲ್ಲಿ ನಿಂತಿರುತ್ತದೆ. ಯಾಕೆ ಬಿಟ್ಟಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಇದೇ ಓಣಿಯ ಭಾಗ್ಯಾ ಎಂ.ಎ. ಮುಗಿಸಿದವಳು. ಮಾತು ಕಡಿಮೆ. ನಾಯಿಗಳನ್ನು ಕಾಪಾಡುವ ಗುಂಪೊಂದಕ್ಕೆ ಸೇರಿ ಪ್ರತಿ ಭಾನುವಾರ ಹೋಗತೊಡಗಿದಾಗ ಮನೆಯವರು ನಕ್ಕಿದ್ದರು. ಗುಂಪಿನವರು ಶಾಲೆಯ ಬಯಲಲ್ಲಿ ದತ್ತು ದಿನ ಏರ್ಪಡಿಸಿದರು. ಬೀದಿಯಿಂದ ತಂದು ಲಸಿಕೆ ಹಾಕಿಸಿದ ನಾಯಿಗಳನ್ನು ಬೇಕೆಂದವರ ಮನೆಗೆ ಕೊಡುವ ದಿನ ಅದು. ಗುಂಪಿನ ಹಿರಿಯಳು ತಸ್ಲೀಮಾ ಭಾಗ್ಯಾಳನ್ನು ಅರ್ಜಿಯ ಮೇಜಿಗೆ ಕೂರಿಸಿದಳು. ನನಗೆ ಮಾತು ಬರುವುದಿಲ್ಲ ಎಂದು ಭಾಗ್ಯಾ ಹಿಂಜರಿದಳು.

"ಅದಕ್ಕ ನಿನ್ನ ಕೂಡಿಸೇನಿ," ಎಂದಳು ತಸ್ಲೀಮಾ. "ಒಂದ ಪ್ರಶ್ನಿ ಕೇಳು. ಆಮ್ಯಾಲ ಸುಮ್ಮನ ಕೂಡು. ಖರೇ ಉತ್ತರ ಬರೂತನಕ ಏನೂ ಬರೀಬ್ಯಾಡ."

ಪ್ರಶ್ನೆ ಇಷ್ಟೇ: ನೀವು ಊರಿಗೆ ಹೋದಾಗ ನಾಯಿ ಯಾರ ಬಳಿ ಇರುತ್ತದೆ?

ಕೆಲವರು ತಟ್ಟನೆ ಹೇಳಿದರು. ಕೆಲವರು ಮನೆಗೆ ಫೋನು ಮಾಡಿ ಕೇಳಿದರು. ಒಬ್ಬರು ಯೋಚಿಸಿ ಬರುತ್ತೇನೆಂದು ಎದ್ದು ಹೋದರು. ಮಧ್ಯಾಹ್ನದ ಹೊತ್ತಿಗೆ ಐದು ಮರಿಗಳಿಗೆ ಮನೆ ಸಿಕ್ಕಿತ್ತು.

ಆಗ ಬಂದವರು ಭಾಗ್ಯಾಳ ಕಾಕಾ, ಅಪ್ಪನ ತಮ್ಮ ನೀಲಪ್ಪ. ಕಾಲೇಜು ಬೇಡವೆಂದ ಮನೆಯವರನ್ನು ಒಪ್ಪಿಸಿ ಅವಳನ್ನು ಓದಲು ಕಳಿಸಿದವರು ಅವರೇ. ನೌಕರಿಯಿಂದ ನಿವೃತ್ತರಾಗಿ ಅಮರಗೋಳದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ನೇರವಾಗಿ ಹೋಗಿ ಕಂದು ಬಣ್ಣದ ಗಂಡು ಮರಿಯೊಂದನ್ನು ಎತ್ತಿಕೊಂಡರು. ಕಟ್ಟಡದ ಸಿಮೆಂಟು, ಕಬ್ಬಿಣ ಕಾಯಲು ಬೇಕು, ಬರೆದುಕೋ ಎಂದರು.

"ಕೂಡ್ರಿ ಕಾಕಾ. ಒಂದ ಪ್ರಶ್ನಿ ಐತಿ."

"ನಿನ್ನ ಎತ್ತಿ ಆಡಿಸಿದ ಕಾಕಾಗ ಪ್ರಶ್ನಿ? ಎಂ.ಎ. ಮಾಡಿದ್ದು ಇದಕ್ಕೇನವಾ?"

ಸುತ್ತಲಿನವರು ನಕ್ಕರು. ಭಾಗ್ಯಾ ಪ್ರಶ್ನೆ ಕೇಳಿ ಸುಮ್ಮನಾದಳು.

ವಾಚ್‌ಮನ್ ಇದ್ದಾನೆ ಎಂದರು ಕಾಕಾ. ಅವಳು ಪೆನ್ನು ಎತ್ತಲಿಲ್ಲ. ಅವನು ದಿನಾ ಬರುವುದಿಲ್ಲ ಎಂದರು. ಅವಳು ಕಾದಳು. ಮರಿ ಅವರ ಅಂಗಿಯ ಗುಂಡಿ ಚೀಪುತ್ತಿತ್ತು. ಕಾಕಾ ಅದನ್ನೇ ನೋಡುತ್ತಾ ಕೂತರು. ಆಮೇಲೆ ಅವರ ದನಿ ಇಳಿಯಿತು.

ಹೋದ ಬೇಸಿಗೆಯಲ್ಲಿ ಒಂದು ಮರಿಯನ್ನು ಅಲ್ಲೇ ಕಟ್ಟಿ, ಗರಗಕ್ಕೆ ಮದುವೆಗೆಂದು ಹೋಗಿದ್ದರಂತೆ. ಮೂರು ದಿನ.

"ನೀರಿನ ತೊಟ್ಟಿ ಅದರ ಎದುರಿಗೇ ಇತ್ತು," ಎಂದರು. "ಸರಪಳಿ ಅಲ್ಲೀತನಕ ಮುಟ್ಟಿದ್ದಿಲ್ಲ. ಇದನ್ನ ನಾ ಯಾರ ಮುಂದೂ ಹೇಳಿಲ್ಲ."

ಮರಿ ಕೊಟ್ಟರೆ ಅದಕ್ಕೂ ಸತ್ತ ಆ ಮರಿಯದೇ ಗತಿ. ಕೊಡದಿದ್ದರೆ ತನ್ನನ್ನು ಓದಿಸಿದ ಕಾಕಾನಿಗೆ ಓಣಿಯವರ ಮುಂದೆ ಅವಮಾನ. ಭಾಗ್ಯಾ ಎದ್ದು ಮರಿಯನ್ನು ಅವರ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಕಾವಲಿಗಂತ ಕೊಡಂಗಿಲ್ಲ, ಕಾಕಾ. ಮನಿಗೆ ಬೇಕಂದ್ರ ಬರ್ರಿ."

ಕಾಕಾ ಎದ್ದು ಹೊರಟುಹೋದರು. ಭಾಗ್ಯಾ ಮರಿಯನ್ನು ಉಳಿದವುಗಳ ಜೊತೆ ಬಿಟ್ಟು ಮುಂದಿನವರನ್ನು ಕರೆದಳು.

ಸಂಜೆ ಮೇಜು ಎತ್ತಿಡುವ ಹೊತ್ತಿಗೆ ಕಾಕಾ ಮತ್ತೆ ಬಂದರು. ಜೊತೆಗೆ ಅವರ ಹೆಂಡತಿ, ಕಾಕಿ ಮುತ್ತವ್ವ. ಮರಿಗಳೆಲ್ಲ ಹೋಗಿದ್ದವು. ಬೆಳಗಿನಿಂದ ಯಾರೂ ಕೇಳದ ಕರಿ ಹೆಣ್ಣು ನಾಯಿಯೊಂದು ಉಳಿದಿತ್ತು. ಅದರ ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಇತ್ತು.

"ಕಿವಿ ಹರಕೊಂಡೈತಿ. ಜಗಳಗಂಟಿ ಇರಬೇಕು," ಎಂದಳು ಮುತ್ತವ್ವ.

ಭಾಗ್ಯಾ ಆ ದಿನ ಹೆಚ್ಚು ಮಾತಾಡಿದ್ದು ಆಗಲೇ. ಅದು ಜಗಳದ ಗಾಯವಲ್ಲ, ಡಾಕ್ಟರು ಮಾಡಿದ ಗುರುತು ಎಂದಳು. ಮರಿಯಾಗದಂತೆ ಆಪರೇಶನ್ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿದ ನಾಯಿಗೆ, ಮತ್ತೊಮ್ಮೆ ಹಿಡಿಯಬಾರದೆಂದು ಅರಿವಳಿಕೆಯಲ್ಲೇ ಕಿವಿಗೆ ಹೀಗೆ ಗುರುತು ಹಾಕುತ್ತಾರೆ. ಲಸಿಕೆ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು.

ಮುತ್ತವ್ವ ಕೈ ಚಾಚಿದಳು. ನಾಯಿ ಮೂಸಿ ನೋಡಿ, ಅವಳ ಅಂಗೈಯಲ್ಲಿ ಗದ್ದ ಇಟ್ಟಿತು.

"ಬಾ ನಮ್ಮವ್ವ. ನನ್ನದೂ ಆಪರೇಶನ್ ಆಗೇತಿ, ನಿಂದೂ ಆಗೇತಿ," ಎಂದಳು.

ಭಾಗ್ಯಾ ಅರ್ಜಿ ತೆಗೆದಳು. ಅವಳು ಕೇಳುವ ಮೊದಲೇ ಕಾಕಾ ಹೇಳಿದರು: "ಊರಿಗೆ ಹೋದ್ರ ಒಬ್ಬರು ಮನ್ಯಾಗ ಉಳೀತೇವಿ. ಇಬ್ಬರೂ ಹೋಗೂದಾದ್ರ ನಿಮ್ಮ ಮನ್ಯಾಗ ಬಿಡತೇವಿ, ನಿಮ್ಮಪ್ಪನ್ನ ಕೇಳೇ ಬಂದೇನಿ. ಸಿಮೆಂಟ ಕಾಯಾಕ ಮನಷ್ಯಾನ್ನ ಇಡತೇನಿ. ಸರಪಳಿ ಒಗದೇನಿ. ಬರಕೋ."

ಅವಳು ಬರೆದುಕೊಂಡಳು.

ಈಗ ಅಮರಗೋಳದ ಚಹಾದಂಗಡಿಯಲ್ಲಿ ನೀಲಪ್ಪ ಕಾಕಾ ಎಲ್ಲರಿಗೂ ಒಂದೇ ಸುದ್ದಿ ಹೇಳುತ್ತಾರೆ, ಕರಿ ನಾಯಿಯ ತಲೆ ಸವರುತ್ತಾ: "ನಮ್ಮ ಅಣ್ಣನ ಮಗಳು ನನಗ ಮರಿ ಕೊಡಲಿಲ್ಲರೀ." ಅವಳು ಎಂ.ಎ. ಪಾಸಾದ ದಿನವೂ ಅವರ ಎದೆ ಇಷ್ಟು ಉಬ್ಬಿರಲಿಲ್ಲ.

ನೀವೂ ದತ್ತು ದಿನಕ್ಕೆ ಬನ್ನಿ. ಬರುವ ಮೊದಲು ಮನೆಯವರೆಲ್ಲ ಕೂತು ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ಬೆಳೆದ ನಾಯಿಯನ್ನೂ ಹೆಣ್ಣು ನಾಯಿಯನ್ನೂ ಒಮ್ಮೆ ನೋಡಿ. ನಾಯಿ ಸಾಕಲು ಆಗದಿದ್ದರೆ, ಒಂದು ಭಾನುವಾರ ನಮ್ಮ ಗುಂಪಿನ ಮೇಜಿನ ಹಿಂದೆ ಕೂರಲು ಬನ್ನಿ. ಹೆಚ್ಚು ಮಾತು ಬೇಕಿಲ್ಲ. ಕೇಳಿದ ಮೇಲೆ ಸುಮ್ಮನಿರಲು ಬಂದರೆ ಸಾಕು.