ಎಡಮೂಲೆಯ ಗೇಟುಗಳು

"ಮೂರು ವಾರದ ಕೆಲಸ, ನಾಲ್ಕೇ ದಿನಕ್ಕೆ! ಆ ಎಡಮೂಲೆಯನ್ನೇ ಮೊದಲು ನೋಡಬೇಕು ಅಂತ ಹೇಗೆ ಹೊಳೀತು?" ಬ್ರಿಸ್ಬೇನಿನಿಂದ ಪರದೆಯ ಮೇಲೆ ಬಂದಿದ್ದ ಮ್ಯಾನೇಜರ್ ಅದಿತಿ ಇಂಗ್ಲಿಷಿನಲ್ಲಿ ಕೇಳಿದಳು.

ಅಡಿಲೇಡಿನ ಆಫೀಸಿನಲ್ಲಿ ಪ್ರಣತಿ ಮೇಜಿನ ಅಂಚನ್ನು ಹಿಡಿದುಕೊಂಡಳು. "ಫೋಟೋಗಳಲ್ಲಿ... ಕಾಣಿಸ್ತು."

ಕಂಪ್ಯೂಟರ್ ಚಿಪ್ಪಿನ ವಿನ್ಯಾಸ ಕದಿಯುವವರು ಅದನ್ನು ಪದರಪದರವಾಗಿ ಉಜ್ಜಿ, ಫೋಟೋ ತೆಗೆದು, ಒಳಗಿನ ಗೇಟುಗಳನ್ನು, ಅಂದರೆ ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟುಗಳನ್ನೆಲ್ಲ, ಓದಿಕೊಳ್ಳುತ್ತಾರೆ. ಅವರ ದಾರಿ ತಪ್ಪಿಸಲೆಂದೇ ಈಗ ಅದೇ ಕೋಣೆಯಲ್ಲಿ ಕೂತಿದ್ದ ಹಿರಿಯ ಎಂಜಿನಿಯರ್ ಚಾಮರಾಜ ಅಸಲಿ ಗೇಟುಗಳ ನಡುವೆ ಥೇಟ್ ಅವುಗಳಂತೆಯೇ ಕಾಣುವ ನಕಲಿ ಗೇಟುಗಳನ್ನು ಬೆರೆಸಿದ್ದರು. ಕಳ್ಳರಂತೆ ಕೂತು ಅವನ್ನು ಪತ್ತೆಹಚ್ಚುವುದು ಪ್ರಣತಿಯ ಪ್ರೊಬೇಷನ್ನಿನ ಕೊನೆಯ ಪರೀಕ್ಷೆ. ಮುಗಿಯುವವರೆಗೆ ಇಬ್ಬರೂ ಆ ಚಿಪ್ಪಿನ ಬಗ್ಗೆ ಮಾತಾಡುವಂತಿರಲಿಲ್ಲ.

ಆಫೀಸಿನಲ್ಲಿ ಮಾತಾಡಿರಲೂ ಇಲ್ಲ. ಆದರೆ ಭಾನುವಾರ ಗ್ಲೆನೆಲ್ಗ್‌ನ ಚಾಮರಾಜರ ಮನೆಗೆ ಊಟಕ್ಕೆ ಹೋದಾಗ, ಬೆಳ್ಳುಳ್ಳಿ ಸುಲಿಯುತ್ತಾ ಅವರೇ ಹೇಳಿಬಿಟ್ಟಿದ್ದರು: "ಎಡಮೂಲೇಲಿ ಟೈಮೇ ಸಿಗ್ಲಿಲ್ಲ ಕಣಮ್ಮ. ಒಂದೇ ನಕಲಿ ಗುಂಪನ್ನ ಹದಿನಾರು ಸಲ ಕಾಪಿ ಹೊಡ್ದ್‌ಬಿಟ್ಟೆ. ಒಂದು ಸಿಕ್ರೆ ಎಲ್ಲಾ ಸಿಕ್ಕಂಗೆ. ಯಾರ್ ನೋಡ್ತಾರೆ ಬಿಡು!"

"ಅಲ್ಲೂ ಸೋಮಾರಿತನಾನಾ ನಿಮ್ದು?" ಎಂದು ಒಲೆಯ ಬಳಿಯಿಂದ ಅವರ ಹೆಂಡತಿ ಸರಸ್ವತಿ ಛೇಡಿಸಿದ್ದರು. ಪ್ರಣತಿಯೂ ನಕ್ಕಿದ್ದಳು. ಮನೆಯಲ್ಲಿ, ಕನ್ನಡದಲ್ಲಿ ಆಡಿದ ಮಾತಿಗೂ ಆಫೀಸಿನ ನಿಯಮ ಅನ್ವಯಿಸುತ್ತದೆಂದು ಆ ಹೊತ್ತಿಗೆ ಯಾರಿಗೂ ಅನ್ನಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಅವಳಿಗೆ ಅನ್ನಿಸಿತು. ಅನ್ನಿಸಿದ ಮೇಲೂ ಅವಳು ಮೊದಲು ತೆರೆದದ್ದು ಎಡಮೂಲೆಯ ಫೋಟೋವನ್ನೇ.

"ಪ್ರಣತಿ, ನಿನ್ನ ಕೆಲಸ ಖಾಯಂ," ಅಂದಳು ಅದಿತಿ. ಆಮೇಲೆ ದನಿ ತಗ್ಗಿಸಿ, "ಚಾಮರಾಜ್, ಇಷ್ಟು ಬೇಗ ಸಿಕ್ಕಿಬಿತ್ತಲ್ಲ, ಮುಂದಿನ ಚಿಪ್ಪಿನ ನಕಲಿ ಗೇಟುಗಳ ಕೆಲಸ ಪರ್ತ್‌ ಆಫೀಸಿನವರಿಗೆ ಕೊಡ್ತೀನಿ. ತಪ್ಪು ತಿಳೀಬೇಡಿ."

"ಇಲ್ಲ ಇಲ್ಲ, ಸರಿಯಾಗೇ ಇದೆ," ಅಂದರು ಚಾಮರಾಜ.

ಪರದೆ ಆರಿತು. ಪ್ರಣತಿ ತಲೆಯೆತ್ತಲಿಲ್ಲ. ಚಾಮರಾಜ ಬೈದರೆ ಸಾಕು, ಒಂದು ಸಲ ಬೈದುಬಿಟ್ಟರೆ ಸಾಕು ಎಂದು ಕಾದಳು.

"ಭಲೇ ಹುಡುಗಿ! ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ನಂದು, ಹೀಗೆ ಯಾರೂ ಹಿಡ್ದಿರ್ಲಿಲ್ಲ." ಅವರ ದನಿಯಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಭಾನುವಾರದ ನೂರೆಂಟು ಮಾತುಗಳಲ್ಲಿ ಎಡಮೂಲೆಯ ಮಾತೂ ಒಂದಾಗಿ ಅವರಿಗೆ ಮರೆತೇಹೋಗಿತ್ತು. "ನಂಗೂ ಹೇಳ್ಕೊಡು. ಮೊದ್ಲು ಎಲ್ಲಿ ನೋಡ್ದೆ?"

"ಅಂಕಲ್, ಅವತ್ತು ನೀವು..."

"ಹೇಳಮ್ಮ, ನಾಚ್ಕೋಬೇಡ." ಅವರು ಆಗಲೇ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡಿದ್ದರು.

ಪ್ರಣತಿ ಫೋಟೋ ತೆರೆದು ಬೆರಳಿಟ್ಟಳು. "ಇಲ್ಲಿ."

ಅವರು ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿದರು. ಮೇಲೆ ಕನ್ನಡದಲ್ಲಿ, ದುಂಡಗೆ, 'ಪ್ರಣತಿ ಹೇಳಿಕೊಟ್ಟಿದ್ದು' ಎಂದು ಬರೆದು, ಸ್ಕೇಲಿಟ್ಟು ಅಡಿಗೆರೆ ಎಳೆದರು.